ಮಂಗಳವಾರ ಬೆಳಿಗ್ಗೆ 11 ಗಂಟೆಗೆ ನೀವು ಎಲ್ಲಿರುತ್ತೀರಿ?

(ಜಿಲ್ಲಾ ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಮನೋವಿಜ್ಞಾನದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತು ದಾರಿ ತಪ್ಪಿದ ಕೆಲವು ಕಡೆ ಕತ್ತರಿ ಆಡಿಸಿದ್ದೇನೆ, ಎಲ್ಲ ಕಡೆ ಅಲ್ಲ.)

ಊಟ ಆದ ಮೇಲಿನ ಉಪನ್ಯಾಸ ಇದು. ನಿದ್ದೆ ಬಂದವರು ಹಿಂದಿನ ಬೆಂಚಿಗೆ ಹೋಗಬಹುದು, ನನಗೇನೂ ಬೇಜಾರಿಲ್ಲ. ಈ 'ಬೇಜಾರು' ಅನ್ನುವ ಪದ ಮಾತ್ರ ನೆನಪಿಟ್ಟುಕೊಳ್ಳಿ, ಆಮೇಲೆ ಅದರ ಹತ್ತಿರ ವಾಪಸ್ ಬರುತ್ತೇನೆ.

ಒಳಗೆ ಬರುವಾಗ ಬಾಗಿಲಲ್ಲಿ ನಿಂತಿದ್ದ ಮೂವರನ್ನು ಕೇಳಿದೆ, ಮುಂದೆ ಏನಾಗಬೇಕು ಅಂತಿದ್ದೀರಿ ಅಂತ. ಒಬ್ಬಳು "ಸೈಕಾಲಜಿಸ್ಟ್ ಮೇಡಂ" ಅಂದಳು. ಪಕ್ಕದವಳು "ಥೆರಪಿಸ್ಟ್" ಅಂದಳು. ಮೂರನೆಯವನು "ಏನೋ ಒಂದು ಆಗ್ತೀನಿ ಮೇಡಂ" ಅಂತ ನಕ್ಕ. ನನ್ನ ಲೆಕ್ಕದಲ್ಲಿ ಮೂರೂ ಒಂದೇ ಉತ್ತರ. ಮೊದಲ ಎರಡರಲ್ಲಿ ಬಾಗಿಲ ಮೇಲಿನ ಬೋರ್ಡು ಕಾಣುತ್ತದೆ, ಬಾಗಿಲ ಒಳಗಿನ ಕೆಲಸ ಕಾಣುವುದಿಲ್ಲ. ಮೂರನೆಯವನು ಬೋರ್ಡೂ ಬರೆಸಿಲ್ಲ, ಅಷ್ಟೇ ವ್ಯತ್ಯಾಸ.

ಅದಕ್ಕೇ ನಾನು ಪ್ರಶ್ನೆಯನ್ನು ಬೇರೆ ಥರ ಕೇಳುತ್ತೇನೆ. ಇವತ್ತಿನಿಂದ ಹತ್ತು ವರ್ಷ ಮುಂದೆ ಹೋಗಿದ್ದೀರಿ ಅಂದುಕೊಳ್ಳಿ. ಒಂದು ಮಂಗಳವಾರ, ಬೆಳಿಗ್ಗೆ 11 ಗಂಟೆ. ನೀವು ಎಲ್ಲಿ ಕೂತಿದ್ದೀರಿ? ಎದುರಿಗೆ ಯಾರಿದ್ದಾರೆ? ಅವರ ವಯಸ್ಸೆಷ್ಟು, ಯಾವ ಭಾಷೆ ಆಡುತ್ತಾರೆ? ಅವರನ್ನು ನಿಮ್ಮ ಹತ್ತಿರ ಕಳಿಸಿದವರು ಯಾರು? ಡಾಕ್ಟರಾ, ಹೆಡ್ ಮಾಸ್ಟರಾ, ಪೊಲೀಸರಾ, ಅತ್ತೆಯಾ? ಅವರು ಎದ್ದು ಹೋದ ಮೇಲೆ ನೀವು ಏನು ಬರೆದಿಡುತ್ತೀರಿ? ಸಂಜೆ ಯಾವ ಬಸ್ಸಿಗೆ ಮನೆಗೆ ಹೋಗುತ್ತೀರಿ?

ಮಂಗಳವಾರವೇ ಯಾಕೆ ಅಂದರೆ, ಅದು ಏನೂ ವಿಶೇಷ ಇಲ್ಲದ ದಿನ. ನಮ್ಮ ಕಡೆ ಮಂಗಳವಾರ ಯಾರೂ ಹೊಸದೇನೂ ಶುರು ಮಾಡುವುದಿಲ್ಲ. ಇರುವ ಕೆಲಸ ಮಾಡುತ್ತಾರೆ. ಇನ್ನೊಂದು ಕಾರಣವೂ ಇದೆ. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಸರ್ಕಾರಿ ಕಾರ್ಯಕ್ರಮ ಇದೆ. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡು. ಆ ದಿನ ಅಲ್ಲಿನ ಬೆಂಚಿನ ಮೇಲೆ ಸುಮ್ಮನೆ ಹೋಗಿ ಕೂತುಕೊಳ್ಳಿ. ನೀವು ಓದುತ್ತಿರುವ ಪಠ್ಯಪುಸ್ತಕಕ್ಕೆ ಕೈಕಾಲು ಬಂದ ಹಾಗೆ ಇರುತ್ತದೆ.

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಬಿ.ಎ. ಓದುವಾಗ ನನ್ನ ಗುರಿ ಒಂದೇ ಇತ್ತು. ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಲ್ಲಿ ಎಂ.ಫಿಲ್ ಸೀಟು. ಒಳಗೆ ಏನು ಕೆಲಸ ನಡೆಯುತ್ತದೆ ಅಂತ ಗೊತ್ತಿರಲಿಲ್ಲ. ಆದರೆ ಆ ಗೇಟು ದಾಟಬೇಕು ಅನ್ನುವುದು ಗೊತ್ತಿತ್ತು. ಎರಡು ಸಲ ಪ್ರವೇಶ ಪರೀಕ್ಷೆ ಬರೆದೆ. ಎರಡು ಸಲವೂ ಸಿಗಲಿಲ್ಲ. ಸೀಟುಗಳೇ ಬೆರಳೆಣಿಕೆಯಷ್ಟು, ಅದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ನನ್ನ ಮಟ್ಟಿಗೆ ಬದುಕೇ ಮುಗಿದ ಹಾಗಾಗಿತ್ತು. ಗುರಿ ಅಂತ ಇದ್ದದ್ದು ಒಂದು ಗೇಟು ಮಾತ್ರ ನೋಡಿ, ಅದು ಮುಚ್ಚಿದ ಮೇಲೆ ಉಳಿದದ್ದು ಕಾಂಪೌಂಡು.

ಆಮೇಲೆ ಒಂದು ಖಾಸಗಿ ಶಾಲೆಯಲ್ಲಿ ಕೌನ್ಸೆಲರ್ ಕೆಲಸಕ್ಕೆ ಸೇರಿದೆ. ಬಾಗಿಲಿಗೆ ಬೋರ್ಡು ಇತ್ತು. ಒಳಗೆ ವಾಲಿಬಾಲ್ ನೆಟ್ಟು, ಹಳೇ ಚಾರ್ಟುಗಳು, ಒಂದು ಕುರ್ಚಿ. ಎರಡು ಕುರ್ಚಿ ಬೇಕು ಅಂತ ಕೇಳಿದ್ದಕ್ಕೆ ಒಂದು ತಿಂಗಳು ಹಿಡಿಯಿತು. ರಜೆ ಹಾಕಿದ ಟೀಚರ್‌ಗಳ ಪೀರಿಯಡ್ ಎಲ್ಲ ನನಗೇ. ಸಂಜೆ ಬಸ್ ಡ್ಯೂಟಿ ಬೇರೆ. ಈಗ ನಗು ಬರುತ್ತದೆ, ಆಗ ಬಾತ್‌ರೂಮಿನಲ್ಲಿ ಅತ್ತಿದ್ದೇನೆ. ಶಾಲೆಯಲ್ಲಿ ಕೆಲಸ ಮಾಡುವ ಆಸೆ ಇರುವವರಿಗೆ ಒಂದು ಮಾತು ಹೇಳುತ್ತೇನೆ. ಸಿಬಿಎಸ್‌ಇ ನಿಯಮದಲ್ಲಿ ಕೌನ್ಸೆಲರ್ ಇರಬೇಕು ಅಂತಿದೆ. ನಿಯಮಕ್ಕಾಗಿ ಇಟ್ಟುಕೊಳ್ಳುವ ಶಾಲೆ ಬೇರೆ, ಬೇಕು ಅಂತ ಇಟ್ಟುಕೊಳ್ಳುವ ಶಾಲೆ ಬೇರೆ. ಇಂಟರ್ವ್ಯೂ ದಿನ "ನನ್ನ ರೂಮು ತೋರಿಸ್ತೀರಾ ಸಾರ್?" ಅಂತ ಕೇಳಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಅಲ್ಲಿಂದ ಬಿಟ್ಟು ವಿಶೇಷ ಮಕ್ಕಳ ಕೇಂದ್ರವೊಂದಕ್ಕೆ ಸೇರಿದೆ. ಅಲ್ಲಿನ ಕ್ಲಿನಿಕಲ್ ಸೈಕಾಲಜಿಸ್ಟ್ ಮಗುವಿಗೆ ಪರೀಕ್ಷೆ ಮಾಡಿ ರಿಪೋರ್ಟ್ ಬರೆಯುತ್ತಿದ್ದರು. ಅದರಲ್ಲಿರುವುದನ್ನು ಅಮ್ಮನಿಗೆ ತಿಳಿಯುವ ಹಾಗೆ ಹೇಳುವುದು ನನ್ನ ಪಾಲಿಗೆ ಬಂತು. ಒಂದು ದಿನ ಒಬ್ಬ ತಾಯಿ ರಿಪೋರ್ಟಿನ ನಂಬರ್ ಮೇಲೆ ಬೆರಳಿಟ್ಟು ಕೇಳಿದಳು: "ಇದು ಇವನ ಮಾರ್ಕ್ಸಾ ಮೇಡಂ? ಫೇಲಾ?" ಅಲ್ಲ ಅಂತ ಹೇಳಿ ಮುಗಿಸಲು ನನಗೆ ಮುಕ್ಕಾಲು ಗಂಟೆ ಬೇಕಾಯಿತು. ಅವಳು ಹೋದ ಮೇಲೆ ಅನ್ನಿಸಿತು, ನನಗೆ ಬೇಕಾಗಿದ್ದದ್ದು ಇದು, ಈ ಕುರ್ಚಿ, ಈ ಮುಕ್ಕಾಲು ಗಂಟೆ. ಅದಕ್ಕೆ ಆ ಗೇಟೇ ಬೇಕು ಅಂತ ಏನೂ ಇರಲಿಲ್ಲ.

ಆ ರಿಪೋರ್ಟಿನ ಮೇಲೆ 'ಬಿಕೆಟಿ' ಅಂತ ಬರೆದಿತ್ತು. ಬಿನೆ-ಕಾಮತ್ ಟೆಸ್ಟ್, ಬುದ್ಧಿಶಕ್ತಿ ಅಳೆಯುವ ಪರೀಕ್ಷೆ. ಇದರ ಕಥೆ ಗೊತ್ತಿರಬೇಕು, ಯಾಕೆಂದರೆ ಇದು ನಮ್ಮದೇ ಕಥೆ. ಧಾರವಾಡದಲ್ಲಿ ವಿ.ವಿ. ಕಾಮತ್ ಅನ್ನುವವರು ಫ್ರಾನ್ಸಿನಲ್ಲಿ ಹುಟ್ಟಿದ ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಹೊಂದುವ ಹಾಗೆ ತಿದ್ದಿ ರೂಪಿಸಿದರು. ಪ್ಯಾರಿಸ್ಸಿನ ಮಗುವಿಗೆ ಕೇಳುವ ಪ್ರಶ್ನೆಯನ್ನೇ ಧಾರವಾಡದ ಮಗುವಿಗೆ ಕೇಳಿದರೆ, ಉತ್ತರ ಬರದಿದ್ದಾಗ ದಡ್ಡತನ ಯಾರದು? ಆ ಅನುಮಾನ ಬಂದದ್ದೇ ದೊಡ್ಡ ವಿಷಯ.

ಮೈಸೂರಿನ ಕಥೆ ಇನ್ನೂ ಮಜವಾಗಿದೆ. ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ. ಅಂದರೆ ನೂರು ವರ್ಷ ದಾಟಿತು. ಶುರು ಮಾಡಿದವರು ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದವರು. ಬುದ್ಧಿಶಕ್ತಿ ಪಾಠದಲ್ಲಿ 'ಜಿ ಫ್ಯಾಕ್ಟರ್', ಅಂದರೆ ಬುದ್ಧಿಯ ಎಲ್ಲ ಕೆಲಸಗಳ ಹಿಂದೆ ಇರುವ ಒಂದು ಸಾಮಾನ್ಯ ಶಕ್ತಿ, ಅಂತ ಬಾಯಿಪಾಠ ಮಾಡುತ್ತೀರಲ್ಲ, ಅದೇ ಸ್ಪಿಯರ್‌ಮನ್. ಇಷ್ಟು ಮಾಡಿದ್ದರೂ ಸಾಕಿತ್ತು. ಆದರೆ 1935ರಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಪ್ರಸಾರ ಶುರು ಮಾಡಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋಗೆ ಬಂದ ಹೆಸರು ಅದೇ. ಲಂಡನ್ನಿನಿಂದ ಹಡಗು ಹತ್ತುವಾಗ ಅವರನ್ನು "ನಿಮ್ಮ ಕರಿಯರ್ ಪ್ಲಾನ್ ಹೇಳಿ" ಅಂತ ಯಾರಾದರೂ ಕೇಳಿದ್ದರೆ ಅದರಲ್ಲಿ ರೇಡಿಯೋ ಸ್ಟೇಷನ್ ಇರುತ್ತಿತ್ತಾ? ನನಗಂತೂ ನಂಬಿಕೆ ಇಲ್ಲ. ಜಾನ್ ಕ್ರಂಬೋಲ್ಟ್ಸ್ ಅನ್ನುವ ಅಮೆರಿಕದ ಮನೋವಿಜ್ಞಾನಿ ಇದನ್ನೇ ಒಂದು ಸಿದ್ಧಾಂತ ಮಾಡಿದರು. ಆಕಸ್ಮಿಕಗಳು ಬಂದೇ ಬರುತ್ತವೆ, ಬಂದಾಗ ಹಿಡಿದುಕೊಳ್ಳಲು ಕೈ ಖಾಲಿ ಇರಬೇಕು ಅಂತ.

ಹಾಗಂತ ಗುರಿಯೇ ಬೇಡ, ಬಂದದ್ದು ಬರಲಿ ಅಂತ ಕೂರಬೇಡಿ. ಗುರಿಯ ಬಗ್ಗೆ ನಮ್ಮ ವಿಷಯದಲ್ಲೇ ಒಳ್ಳೆಯ ಕೆಲಸ ನಡೆದಿದೆ. ಎಡ್ವಿನ್ ಲಾಕ್, ಗ್ಯಾರಿ ಲೇಥಮ್ ಹೆಸರು ಕೇಳಿರುತ್ತೀರಿ, ಐದು ಅಂಕದ ಪ್ರಶ್ನೆ. ಲೇಥಮ್ ಅವರ ಒಂದು ಅಧ್ಯಯನ 1975ರಲ್ಲಿ ಪ್ರಕಟವಾಯಿತು. ಅಮೆರಿಕದ ಒಕ್ಲಹೋಮದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿ ಚಾಲಕರು. ಕಾನೂನು ಒಪ್ಪುವ ತೂಕದಲ್ಲಿ ನೂರಕ್ಕೆ ಸುಮಾರು 60 ಭಾಗದಷ್ಟೇ ತುಂಬಿಕೊಂಡು ಹೋಗುತ್ತಿದ್ದರು. ಚೆನ್ನಾಗಿ ತುಂಬಿ ಅಂದರೆ ಏನೂ ಆಗಲಿಲ್ಲ. ಆಮೇಲೆ 'ನೂರಕ್ಕೆ 94' ಅಂತ ಒಂದು ಅಂಕಿ ಕೊಟ್ಟರು. ಬಹುಮಾನ ಇಲ್ಲ, ಬೈಗುಳವೂ ಇಲ್ಲ. ಕೆಲವು ತಿಂಗಳಲ್ಲಿ ಅದು ಸುಮಾರು 90ಕ್ಕೆ ಬಂತು.

ನಮ್ಮ ಮನೆಗಳಲ್ಲಿ "ಚೆನ್ನಾಗಿ ಓದು" ಅಂತಾರಲ್ಲ, ಅದು ಚೆನ್ನಾಗಿ ತುಂಬಿ ಅನ್ನುವ ಮಾತು. ಆದರೆ ಲಾರಿಯ ಉದಾಹರಣೆಯನ್ನು ಸೀದಾ ನಿಮಗೆ ಹಚ್ಚಿದರೂ ತಪ್ಪಾಗುತ್ತದೆ. ದಿಮ್ಮಿ ತುಂಬುವುದು ಅವರಿಗೆ ಮೊದಲೇ ಬರುತ್ತಿತ್ತು. ಬಾರದ ಕೆಲಸಕ್ಕೆ ಅಂಕಿ ಕೊಟ್ಟರೆ ಜನ ಗಾಬರಿಯಾಗಿ ಅಡ್ಡದಾರಿ ಹಿಡಿಯುತ್ತಾರೆ. ಹೊಸ ಕೆಲಸದಲ್ಲಿ 'ಇಷ್ಟು ಸಾಧಿಸು' ಅನ್ನುವುದಕ್ಕಿಂತ 'ಇದನ್ನು ಕಲಿ' ಅನ್ನುವ ಗುರಿ ವಾಸಿ ಅಂತ ಲೇಥಮ್ ಅವರೇ ಆಮೇಲೆ ತೋರಿಸಿದರು. ಹಾಗಾಗಿ ನಿಮ್ಮ ಈ ವರ್ಷದ ಗುರಿ 'ಕೆಲಸ' ಅಂತ ಇರಬಾರದು. 'ಮಾರ್ಚ್ ಒಳಗೆ ಒಬ್ಬ ಮನುಷ್ಯನ ಕೇಸ್ ಹಿಸ್ಟರಿಯನ್ನು ಮಧ್ಯೆ ಬಾಯಿ ಹಾಕದೆ ತೆಗೆದುಕೊಳ್ಳಲು ಕಲಿಯುತ್ತೇನೆ' ಅಂತಿರಲಿ. ಕೇಳಲು ಚಿಕ್ಕದು. ಮಾಡಿ ನೋಡಿ ಒಂದು ಸಲ.

ಇದನ್ನು ಎಲ್ಲಿ ಕಲಿಯುವುದು ಅಂತ ಕೇಳಬೇಡಿ. ನಿಮ್ಮ ರೆಕಾರ್ಡ್ ಪುಸ್ತಕದಲ್ಲೇ ಇದೆ. ಕಣ್ಣಿಗೆ ಮೋಸ ಮಾಡುವ ಗೆರೆಗಳ ಮುಲ್ಲರ್-ಲೈಯರ್, ಕನ್ನಡಿ ನೋಡಿ ಗೆರೆ ಎಳೆಯುವ ಮಿರರ್ ಡ್ರಾಯಿಂಗ್, ದಾರಿ ಹುಡುಕಿ ಕಲಿಯುವ ಮೇಜ್ ಲರ್ನಿಂಗ್. ಪ್ರತಿ ಪ್ರಯೋಗದ ಕೊನೆಗೆ 'ಇಂಟ್ರೊಸ್ಪೆಕ್ಟಿವ್ ರಿಪೋರ್ಟ್' ಅಂತ ಒಂದು ಜಾಗ ಇರುತ್ತದೆ. ಸಬ್ಜೆಕ್ಟ್ ಆಗಿ ಕೂತವರಿಗೆ ಒಳಗೆ ಏನನ್ನಿಸಿತು ಅಂತ ಕೇಳಿ ಬರೆಯಬೇಕು. ನೀವೆಲ್ಲ ಏನು ಬರೆಯುತ್ತೀರಿ ಹೇಳಲಾ? "ಪ್ರಯೋಗ ಆಸಕ್ತಿದಾಯಕವಾಗಿತ್ತು." (ಇಲ್ಲಿ ಸಭೆಯಲ್ಲಿ ಜೋರು ನಗು.) ನಾವೂ ಅದನ್ನೇ ಬರೆದೆವು. ನಮ್ಮ ಸೀನಿಯರ್‌ಗಳೂ ಅದನ್ನೇ ಬರೆದಿದ್ದರು, ನಾವು ನೋಡಿ ಬರೆದದ್ದು ಅವರ ಪುಸ್ತಕವನ್ನೇ. ಹಾಸ್ಟೆಲ್ ರೂಮ್‌ಮೇಟನ್ನು ಹಿಡಿದು ತಂದು ಕೂರಿಸಿರುತ್ತೀರಿ. ಅವಳಿಗೆ ಹಸಿವಾಗಿರುತ್ತದೆ, ನಿಮಗೆ ಮುಗಿದರೆ ಸಾಕಾಗಿರುತ್ತದೆ.

ಆದರೆ ಯೋಚಿಸಿ. ಒಬ್ಬರನ್ನು ಎದುರಿಗೆ ಕೂರಿಸಿಕೊಳ್ಳುವುದು. ಸೂಚನೆಯನ್ನು ಒಂದು ಪದ ಆಚೀಚೆ ಆಗದ ಹಾಗೆ ಹೇಳುವುದು. ಅವರು ಮಾಡುವುದನ್ನು ಸುಮ್ಮನೆ ನೋಡುವುದು. ತಪ್ಪಾದಾಗ "ಅಯ್ಯೋ" ಅನ್ನದೆ ಇರುವುದು. ಆಮೇಲೆ ಕೇಳುವುದು, ಅವರ ಮಾತನ್ನು ಅವರ ಮಾತಿನಲ್ಲೇ ಬರೆಯುವುದು. ಈ ವೃತ್ತಿಯ ಅರ್ಧ ಭಾಗ ಇಷ್ಟೇ. ಇದನ್ನು ಸರ್ಕಾರ ನಿಮಗೆ ಬಿ.ಎ. ಮೊದಲನೇ ವರ್ಷದಲ್ಲೇ ಹೇಳಿಕೊಡುತ್ತಿದೆ, ನೀವು ನಕಲು ಹೊಡೆಯುತ್ತಿದ್ದೀರಿ.

ಸ್ಟ್ಯಾಟಿಸ್ಟಿಕ್ಸ್ ಬಗ್ಗೆ ಒಂದೇ ಮಾತು. ಲೆಕ್ಕ ಬೇಡ ಅಂತ ಆರ್ಟ್ಸ್ ತಗೊಂಡವರನ್ನು ಅದು ಇಲ್ಲಿ ಬಂದು ಹಿಡಿದಿದೆ. ಓಡಬೇಡಿ, ಇನ್ನೆಲ್ಲೂ ಜಾಗ ಇಲ್ಲ.

ಈಗ ಬೋರ್ಡಿನ ವಿಷಯ. ಇದು ಸ್ವಲ್ಪ ಒಣ ವಿಷಯ, ಆದರೆ ಇಲ್ಲಿ ಎಡವಿದವರು ಜಾಸ್ತಿ. ಎಂ.ಎ. ಅಥವಾ ಎಂ.ಎಸ್ಸಿ. ಆದ ಮಾತ್ರಕ್ಕೆ ಯಾರೂ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ತರಬೇತಿ ಮತ್ತು ನೋಂದಣಿ ಬೇಕು. 1992ರ ಕಾಯ್ದೆ ಇದು. ನೋಂದಣಿ ಇಲ್ಲದೆ ಆ ಕೆಲಸಕ್ಕೆ ಇಳಿದರೆ ಒಂದು ವರ್ಷದ ತನಕ ಜೈಲು ಅಥವಾ ಸಾವಿರ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ದಂಡ ನೋಡಿ ನಗಬೇಡಿ, ಜೈಲು ನೋಡಿ. ಇಷ್ಟು ವರ್ಷ ಎರಡು ವರ್ಷದ ಎಂ.ಫಿಲ್ ಅದರ ಮುಖ್ಯ ದಾರಿಯಾಗಿತ್ತು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಎಂ.ಫಿಲ್ ಪದವಿಯನ್ನೇ ನಿಲ್ಲಿಸಿದ ಮೇಲೆ ಕ್ಲಿನಿಕಲ್ ಸೈಕಾಲಜಿಗೆ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್‌ಗೆ ಮಾತ್ರ 2025-26ರ ತನಕ ಪ್ರವೇಶಕ್ಕೆ ಅವಕಾಶ ಕೊಟ್ಟಿತು. ಹೊಸ ಕೋರ್ಸುಗಳು ಬರುತ್ತಿವೆ. ಹಾಗಾಗಿ ನಿಮ್ಮ ಸೀನಿಯರ್ ಹೇಳಿದ ದಾರಿ ನಿಮ್ಮ ಕಾಲಕ್ಕೆ ಇರಲಿಕ್ಕಿಲ್ಲ. ಫೀಸು ಕಟ್ಟುವ ಮೊದಲು ಆರ್‌ಸಿಐ ವೆಬ್‌ಸೈಟಿನಲ್ಲಿ ಆ ಕಾಲೇಜು, ಆ ಕೋರ್ಸು ಎರಡೂ ಇದೆಯಾ ಅಂತ ನೀವೇ ನೋಡಿ. ಕಾಲೇಜಿನವರ ಮಾತು ಬೇಡ, ನನ್ನ ಮಾತೂ ಬೇಡ.

ಇನ್ನೊಂದು ಬದಲಾವಣೆ ಆಗಿದೆ. 2021ರಲ್ಲಿ ಆರೋಗ್ಯ ವೃತ್ತಿಗಳಿಗೆಂದು ಬಂದ ಹೊಸ ಕಾಯ್ದೆಯ ಪಟ್ಟಿಯಲ್ಲಿ ಕ್ಲಿನಿಕಲ್ ಅಲ್ಲದ ಸೈಕಾಲಜಿಸ್ಟ್‌ಗಳೂ ಇದ್ದಾರೆ. ಅದರ ಬೆನ್ನಲ್ಲೇ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನೋವಿಜ್ಞಾನವನ್ನು ದೂರಶಿಕ್ಷಣದಲ್ಲಿ, ಆನ್‌ಲೈನಿನಲ್ಲಿ ನಡೆಸಬೇಡಿ ಅಂತ ಯುಜಿಸಿ ಹೇಳಿತು. "ಮದುವೆ ಆದ ಮೇಲೆ ಕರೆಸ್ಪಾಂಡೆನ್ಸ್‌ನಲ್ಲಿ ಎಂ.ಎ. ಮಾಡ್ಕೋತೀನಿ" ಅಂದುಕೊಂಡವರು ಇಲ್ಲಿ ಇದ್ದೀರಿ, ನನಗೆ ಗೊತ್ತು. ಆ ಲೆಕ್ಕಾಚಾರ ಮನೆಯಲ್ಲಿ ಈಗಲೇ ಮಾತಾಡಿ. ಈ ಸಭಾಂಗಣದಲ್ಲಿ ಹುಡುಗಿಯರೇ ಜಾಸ್ತಿ. ಎಂ.ಎ. ಮುಗಿಯುವ ಹೊತ್ತಿಗೆ ಜಾತಕ ಹೊರಗೆ ಬರುತ್ತದೆ. ಗುರಿ ಇಟ್ಟುಕೊಳ್ಳುವ ಬಗ್ಗೆ ಬರುವ ಪುಸ್ತಕಗಳಲ್ಲಿ ಜಾತಕದ ಅಧ್ಯಾಯ ಇರುವುದಿಲ್ಲ. ಅಪ್ಪನ ಹತ್ತಿರ "ನಾನು ಓದಬೇಕು" ಅನ್ನುವುದಕ್ಕಿಂತ "ಎಂ.ಎ.ಗೆ ಎರಡು ವರ್ಷ, ಆಮೇಲೆ ತರಬೇತಿಗೆ ಇಷ್ಟು, ಆಮೇಲೆ ಇಂಥ ಕಡೆ ಕೆಲಸ" ಅಂತ ಹಾಳೆಯಲ್ಲಿ ಬರೆದುಕೊಂಡು ಹೋದರೆ ಮಾತು ಬೇರೆ ಥರ ನಡೆಯುತ್ತದೆ. ಯಾವಾಗಲೂ ಗೆಲ್ಲುತ್ತೀರಿ ಅಂತಲ್ಲ.

ಮೂರು ದಿನದ 'ಸರ್ಟಿಫೈಡ್ ಥೆರಪಿಸ್ಟ್' ಕೋರ್ಸುಗಳ ಬಗ್ಗೆ ಕೇಳುವವರಿದ್ದೀರಿ. ನಾನೂ ಒಂದಕ್ಕೆ ದುಡ್ಡು ಕಟ್ಟಿದ್ದೆ. ಸರ್ಟಿಫಿಕೇಟ್ ದಪ್ಪ ಕಾಗದದ್ದು. ಅದರ ಬಗ್ಗೆ ಹೇಳುವಂಥದ್ದು ಅಷ್ಟೇ. ಕೌನ್ಸೆಲಿಂಗ್ ಕಲಿಯಬೇಕೆಂದರೆ ನಮ್ಮ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಎನ್‌ಸಿಇಆರ್‌ಟಿಯ ಗೈಡೆನ್ಸ್ ಮತ್ತು ಕೌನ್ಸೆಲಿಂಗ್ ಡಿಪ್ಲೊಮಾ ಇದೆ. ಅದನ್ನು ವಿಚಾರಿಸಿ.

ಈಗ ಬೇಜಾರಿಗೆ ಬರೋಣ.

ನಾನು ಇವತ್ತು ಇಷ್ಟು ದೂರ ಬಂದದ್ದು ಇದನ್ನು ಹೇಳಲು. ಕನ್ನಡ ಮೀಡಿಯಂನಿಂದ ಬಂದವರು ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಜಾಸ್ತಿ. ಯಾಕೆ ಅರ್ಧ ಕೈ ಮಾತ್ರ ಎತ್ತುತ್ತೀರಿ? ಇಂಗ್ಲಿಷ್ ಪುಸ್ತಕ ಓದಲೇಬೇಕು, ಅದಕ್ಕೆ ಬೇರೆ ದಾರಿ ಇಲ್ಲ. ಆದರೆ ಎದುರಿಗೆ ಕೂತವರು ಇಂಗ್ಲಿಷ್ ಪುಸ್ತಕದ ಭಾಷೆಯಲ್ಲಿ ಅಳುವುದಿಲ್ಲ. "ಯಾಕೋ ಬೇಜಾರು ಮೇಡಂ" ಅನ್ನುತ್ತಾರೆ. ಬೇಜಾರು ಅಂದರೆ ಏನು? ಟೈಮ್ ಪಾಸ್ ಆಗದಿದ್ದರೂ ಬೇಜಾರು. ಗೆಳತಿ ಮದುವೆಗೆ ಕರೆಯದಿದ್ದರೂ ಬೇಜಾರು. ಗಂಡ ಕುಡಿದು ಬಂದರೂ ಬೇಜಾರು. "ಬದುಕೇ ಬೇಜಾರಾಗಿದೆ" ಅಂದರೆ ಅಲ್ಲಿ ಪೆನ್ನು ಕೆಳಗಿಟ್ಟು ಕೇಳಬೇಕು, ಅದು ಬೇರೆಯೇ ಬೇಜಾರು. ಒಂದು ಪದದ ಒಳಗೆ ಬೋರು, ಮುನಿಸು, ದುಃಖ, ಸಾಯುವ ಯೋಚನೆ ಎಲ್ಲ ಇದೆ. ಯಾವುದು ಅಂತ ಹೇಳುವುದು ಪದ ಅಲ್ಲ, ಅದನ್ನು ಹೇಳಿದ ದನಿ.

'ಹೊಟ್ಟೆ ಉರಿ' ತಗೊಳ್ಳಿ. ಪಕ್ಕದ ಮನೆಯವರು ಕಾರು ತಗೊಂಡಾಗ ಆಗುವ ಹೊಟ್ಟೆ ಉರಿ ಒಂದು. ಮಗನನ್ನು ಕಳೆದುಕೊಂಡ ತಾಯಿ "ಹೊಟ್ಟೆ ಉರೀತದೆ" ಅಂದಾಗ ಅದು ಇನ್ನೊಂದು. ಅದನ್ನು ಅಸಿಡಿಟಿ ಅಂತ ಬರೆದುಕೊಂಡು ಮಾತ್ರೆ ಕೊಟ್ಟು ಕಳಿಸಿದ್ದನ್ನೂ ಕಂಡಿದ್ದೇನೆ. ಎದೆ ಡವಡವ, ತಲೆ ಭಾರ, ಕೈಕಾಲು ಜೋಮು. ನಮ್ಮ ಜನ ಮನಸ್ಸಿನ ಕಷ್ಟವನ್ನು ಮೈಯ ಲೆಕ್ಕದಲ್ಲಿ ಹೇಳುತ್ತಾರೆ. "ಗಾಳಿ ಸೋಕಿದೆ" ಅಂತ ಬಂದರೆ ನಗಬೇಡಿ. ದೇವಸ್ಥಾನಕ್ಕೆ ಹೋಗಿ ಬಂದಿರಾ, ಹೋದ ಮೇಲೆ ಹೇಗನ್ನಿಸಿತು ಅಂತ ಕೇಳಿ. ಆ ಉತ್ತರದಲ್ಲಿ ಇಡೀ ಮನೆಯ ಕಥೆ ಇರುತ್ತದೆ. ಈ ಪದಗಳ ಒಂದು ನೋಟ್‌ಬುಕ್ ಇಡಿ. ನಿಮ್ಮ ಅಜ್ಜಿ ಏನಂತಾರೆ, ಬಸ್ಸಿನಲ್ಲಿ ಪಕ್ಕದವರು ಏನಂದರು. ಇದಕ್ಕೆ ಯಾವ ಯೂನಿವರ್ಸಿಟಿಯೂ ಮಾರ್ಕ್ಸ್ ಕೊಡುವುದಿಲ್ಲ, ಆದರೆ ನಿಮ್ಮ ಮಂಗಳವಾರಕ್ಕೆ ಇದು ಬೇಕು.

ಇದು ಬರೀ ಭಾಷಾಭಿಮಾನದ ಮಾತಲ್ಲ, ಕೆಲಸದ ಮಾತು. 2022ರ ಅಕ್ಟೋಬರ್ 10ರಂದು ಟೆಲಿ-ಮಾನಸ್ ಅನ್ನುವ ಮಾನಸಿಕ ಆರೋಗ್ಯದ ಸಹಾಯವಾಣಿ ಶುರುವಾಯಿತು. 14416. ಇಡೀ ದೇಶದಲ್ಲಿ ಅದಕ್ಕೆ ಮಾರ್ಗದರ್ಶನ ನಮ್ಮ ನಿಮ್ಹಾನ್ಸ್‌ನದು. ಆ ನಂಬರಿಗೆ ರಾತ್ರಿ ಎರಡು ಗಂಟೆಗೆ ಹಾವೇರಿಯಿಂದ ಕರೆ ಬಂದರೆ ಎತ್ತುವವರಿಗೆ ಆ ಕಡೆಯ ಕನ್ನಡ ಬರಬೇಕು. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 10.6 ಜನರಿಗೆ ಮಾನಸಿಕ ಕಾಯಿಲೆ ಇದ್ದದ್ದು ಕಂಡಿತು. ಹೆಚ್ಚಿನ ಕಾಯಿಲೆಗಳಲ್ಲಿ ನೂರಕ್ಕೆ 70ಕ್ಕಿಂತ ಜಾಸ್ತಿ ಜನರಿಗೆ ಚಿಕಿತ್ಸೆ ಮುಟ್ಟಿಯೇ ಇರಲಿಲ್ಲ. ಆ 12ರಲ್ಲಿ ಕರ್ನಾಟಕ ಇರಲಿಲ್ಲ, ನಮ್ಮದು ಬಹಳ ಬೇರೆ ಇರುತ್ತದೆ ಅಂತ ನನಗನ್ನಿಸುವುದಿಲ್ಲ. ಮುಟ್ಟಿಸುವ ಕೆಲಸವನ್ನು ಮೊದಲು ಜಿಲ್ಲಾ ಮಟ್ಟದಲ್ಲಿ ಮಾಡಿ ತೋರಿಸಿದ್ದು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. 1996ರಲ್ಲಿ ಅದೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಂಥ ಕೆಲಸಗಳಲ್ಲಿ ಬಹಳಷ್ಟು ಗುತ್ತಿಗೆಯವು. ಸಂಬಳ ಕಡಿಮೆ, ತಡವೂ ಆಗಬಹುದು. ಸುಳ್ಳು ಹೇಳಿ ನಿಮ್ಮನ್ನು ಹುರಿದುಂಬಿಸಲು ನಾನು ಬಂದಿಲ್ಲ.

ಕ್ಲಿನಿಕ್ ಬೇಡ ಅನ್ನುವವರಿಗೆ ಬೇರೆ ಕುರ್ಚಿಗಳಿವೆ. ಕಂಪನಿಯ ಎಚ್‌ಆರ್, ಮೊಬೈಲ್ ಆ್ಯಪನ್ನು ಜನ ಹೇಗೆ ಬಳಸುತ್ತಾರೆ ಅಂತ ನೋಡುವ ಸಂಶೋಧನೆ, ಸೇನೆಯ ಅಧಿಕಾರಿಗಳ ಆಯ್ಕೆ ಮಂಡಳಿ, ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಬರೆದು ಕಾಲೇಜಿನಲ್ಲಿ ಪಾಠ ಮಾಡುವುದು. ಎಲ್ಲದಕ್ಕೂ ಅದೇ ಪ್ರಶ್ನೆ ಹಾಕಿ ನೋಡಿ. ಎಚ್‌ಆರ್‌ನಲ್ಲಿ 11 ಗಂಟೆಗೆ ಒಬ್ಬರನ್ನು ಕೆಲಸದಿಂದ ತೆಗೆದ ಪತ್ರ ಕೊಡಬೇಕಾಗಿರಬಹುದು. ಅದು ನಿಮ್ಮ ಕೈಲಾಗುತ್ತದಾ?

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬಳು ಕೇಳಿದಳು, "ಮಂಗಳವಾರದ ಚಿತ್ರ ಏನೂ ಕಾಣದಿದ್ದರೆ ಮೇಡಂ?" ಹಾಗಾದರೆ ನಾಲ್ಕು ಮಂಗಳವಾರ ನಾಲ್ಕು ಕಡೆ ಹೋಗಿ ಕೂರು ಅಂದೆ. ತಾಲೂಕು ಆಸ್ಪತ್ರೆ, ವಿಶೇಷ ಶಾಲೆ, ಕುಡಿತ ಬಿಡಿಸುವ ಕೇಂದ್ರ, ಒಂದು ಆಫೀಸು. ಅನುಮತಿ ಕೇಳಿಕೊಂಡು ಹೋಗು. ಎಲ್ಲಿಂದ ಬೇಗ ಎದ್ದು ಬರಬೇಕು ಅನ್ನಿಸಿತು ಅಂತ ಬರೆದುಕೋ. ಇನ್ನೊಬ್ಬಳು, ಮದುವೆ ಮನೆಯಲ್ಲಿ ಎಲ್ಲರೂ "ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ" ಅಂತಾರೆ, ಏನು ಹೇಳುವುದು ಅಂದಳು. "ಊಟಕ್ಕೆ ಯಾವಾಗ ಕರೀತಾರೆ ಅಂತಿದೆ ಅನ್ನು, ತಪ್ಪಾಗಲ್ಲ" ಅಂದೆ.

ಕಾರ್ಯಕ್ರಮ ಮುಗಿದು ಹೊರಡುವಾಗ ಆ 'ಏನೋ ಒಂದು ಆಗ್ತೀನಿ' ಹುಡುಗ ಓಡಿ ಬಂದ. ನಾಳೆ ರೆಕಾರ್ಡ್ ಸಬ್ಮಿಷನ್ ಅಂತೆ, ಮಿರರ್ ಡ್ರಾಯಿಂಗ್‌ಗೆ ಸಬ್ಜೆಕ್ಟ್ ಸಿಕ್ಕಿಲ್ಲವಂತೆ. "ಹತ್ತು ನಿಮಿಷ ಮೇಡಂ, ನೀವೇ ಕೂತ್ಕೋತೀರಾ?" ನನ್ನ ಬಸ್ಸಿಗೆ ಅರ್ಧ ಗಂಟೆ ಇತ್ತು. ಲ್ಯಾಬಿಗೆ ಹೋದೆ. ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯಬೇಕು. ಇಷ್ಟು ವರ್ಷ ಆದ ಮೇಲೂ ಮೊದಲ ಮೂಲೆಯಲ್ಲೇ ಪೆನ್ಸಿಲ್ ಸಿಕ್ಕಿಹಾಕಿಕೊಂಡಿತು. ಎಡಕ್ಕೆ ಅಂದರೆ ಬಲಕ್ಕೆ ಹೋಗುತ್ತಿತ್ತು. ಅವನು "ಅಯ್ಯೋ" ಅನ್ನಲಿಲ್ಲ. ಮುಗಿದ ಮೇಲೆ ಹೇಗನ್ನಿಸಿತು ಅಂತ ಕೇಳಿದ. "ಕೈ ನನ್ನದೇ, ಆದರೆ ನನ್ನ ಮಾತು ಕೇಳ್ತಿಲ್ಲ ಅನ್ನಿಸ್ತು" ಅಂದೆ. ಅವನು ಅದನ್ನು ಹಾಗೇ ಬರೆದುಕೊಂಡ. ಪುಸ್ತಕ ಮುಚ್ಚುತ್ತಾನೆ ಅಂದುಕೊಂಡು ನಾನು ಬ್ಯಾಗಿಗೆ ಕೈ ಹಾಕಿದೆ. ಅವನು ಪೆನ್ನು ಹಿಡಿದುಕೊಂಡೇ ಇದ್ದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ:

"ಹಾಗಂದ್ರೆ, ಮೇಡಂ?"